ಇಡಗುಂದಿಯಲ್ಲಿ ಇಲ್ಲದ ಕಪ್ಪೆ

ಸೌಮ್ಯಳ ಲೇಖನದಲ್ಲಿ ಒಂದು ತಪ್ಪಿತ್ತು. ಅದನ್ನು ಅವಳು ಗೊತ್ತಿದ್ದೇ ಮಾಡಿದ್ದಳು.

ಶಿರಸಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅವಳು ಬಿಡುವಿನಲ್ಲಿ ‘ಹಳ್ಳದ ದನಿ’ ಎಂಬ ಜಾಲತಾಣ ನಡೆಸುತ್ತಿದ್ದಳು. ಕಪ್ಪೆಗಳ ಕುರಿತ ಬರಹ, ಜೊತೆಗೆ ಅವುಗಳ ಕೂಗಿನ ಧ್ವನಿಮುದ್ರಣ. ಮೊದಮೊದಲು ಓದುತ್ತಿದ್ದವರು ಅವಳ ವಿದ್ಯಾರ್ಥಿಗಳು, ಅದೂ ಪರೀಕ್ಷೆ ಹತ್ತಿರ ಬಂದಾಗ. ಯಲ್ಲಾಪುರದಲ್ಲಿ ವಾರಪತ್ರಿಕೆ ನಡೆಸುವ ಮನೋಹರ ದಾರಿ ತೋರಿಸಿದ್ದ.

“ಎಂತಕ್ಕೆ ಕಟ್ಟಿಟ್ಕಂಡು ಕೂತ್ಗಂಡಿದ್ದೆ ಮಾರಾಯ್ತಿ? ನಿನ್ನ ತಾಣದಲ್ಲಿ ಬಂದದ್ದನ್ನೇ ವಾರ ಬಿಟ್ಟು ನಂಗೆ ಕೊಡು. ಸಿದ್ದಾಪುರ, ಹಾವೇರಿ, ಹುಬ್ಬಳ್ಳಿ ಪೇಪರಿನವ್ಕೂ ನಾನೇ ಕಳಸ್ತೆ. ದುಡ್ಡು ಕೇಳಡ, ಕೆಳಗೆ ತಾಣದ ವಿಳಾಸ ಹಾಕಿ ಅಂತ ಹೇಳು. ಕಾಗದದ ಮೇಲೆ ಕಪ್ಪೆ ಕೂಗ್ತಿಲ್ಲೆ. ಜನಕ್ಕೆ ಕೇಳವು ಅಂದ್ರೆ ನಿನ್ನ ಹತ್ರವೇ ಬರ್ಬೇಕು.”

ಬಂದರು. ಹುಲೇಕಲ್ ಬಸ್ಸಿನಲ್ಲಿ ಯಾರೋ “ಕಪ್ಪೆ ಮೇಡಂ ಅಲ್ದಾ?” ಎಂದು ಸೀಟು ಬಿಟ್ಟುಕೊಟ್ಟರು. ಅದು ಅವಳಿಗೆ ಹಿತವಾಗಿಯೇ ಇತ್ತು. ಆದರೆ ಲೇಖನ ಇನ್ನೊಂದು ಪತ್ರಿಕೆಯಲ್ಲಿ, ಇನ್ನೊಂದು ಊರಿನಲ್ಲಿ ಬಂತೆಂದಾಗ ಅವಳ ಮನಸ್ಸು ಎಣಿಸುತ್ತಿದ್ದದ್ದು ಒಂದನ್ನೇ: ಈ ಪತ್ರಿಕೆ ಆನಂದನಿರುವ ಕಡೆ ಹೋಗುತ್ತದೆಯೇ?

ಆನಂದ ಬನವಾಸಿ ಕಡೆಯವನು, ಎಂ.ಎಸ್ಸಿ.ಯಲ್ಲಿ ಸಹಪಾಠಿ. ಆ ವರ್ಷಗಳಲ್ಲಿ ರೆಕಾರ್ಡರ್ ಹಿಡಿದು ಅವಳ ಜೊತೆ ಹಳ್ಳ ಸುತ್ತಿದವನು. ಮಾದರಿಯ ಸೀಸೆಯ ಮೇಲೆ ಊರಿನ ಹೆಸರು ತಪ್ಪಾಗಿದ್ದಕ್ಕೆ ಒಮ್ಮೆ ದಿನವಿಡೀ ಮಾತು ಬಿಟ್ಟಿದ್ದ. ಅಂಡಮಾನಿನಲ್ಲಿ ಸಮೀಕ್ಷೆಯ ಕೆಲಸ ಸಿಕ್ಕಾಗ “ನೀವೂ ಬರ್ರಿ, ಇಬ್ರಿಗೂ ಕೆಲ್ಸ ಐತಿ” ಎಂದಿದ್ದ. “ಪ್ರಬಂಧ ಮುಗೀಲಿ” ಎಂದಿದ್ದಳು ಅವಳು. ಮುಗಿಯುವಷ್ಟರಲ್ಲಿ ಫೋನುಗಳು ವಿರಳವಾಗಿ, ಆಮೇಲೆ ನಿಂತೇ ಹೋದವು. ಅವನ ಮನೆಗೆ ಹೋಗಿ ವಿಚಾರಿಸಬಹುದಿತ್ತು. ಆದರೆ ಕರೆದದ್ದಕ್ಕೆ ಬಂದನೆಂಬ ಅನುಮಾನ ಅವಳಿಗೆ ಬೇಡವಾಗಿತ್ತು. ಅವನು ತಾನಾಗಿಯೇ ಬರಬೇಕಿತ್ತು.

ಅದಕ್ಕೇ ಆ ತಪ್ಪು. ಬಂಡೆಯ ಸಂದಿಯಲ್ಲಿ ಕೂತು ಬಿದಿರು ತಟ್ಟಿದಂತೆ ಕೂಗುವ ಪುಟ್ಟ ಕಪ್ಪೆಯೊಂದರ ದನಿಯನ್ನು ಅವರಿಬ್ಬರು ಹಿಡಿದದ್ದು ಶಿರಸಿ ತಾಲೂಕಿನ ಹೆಗಡೆಕಟ್ಟಾದಲ್ಲಿ. ಮೇಲಿನ ಹಳ್ಳದಲ್ಲಿ ಕಾದು ಸಾಕಾದ ಮೇಲೆ ಆನಂದ ಅವಳ ಕೈಹಿಡಿದು ಕೆಳಗಿನ ಹಳ್ಳಕ್ಕೆ ಇಳಿಸಿದ್ದ. ಲೇಖನದಲ್ಲಿ ಅವಳು ‘ಯಲ್ಲಾಪುರ ತಾಲೂಕಿನ ಇಡಗುಂದಿ’ ಎಂದು ಬರೆದಳು. ಅವನ ಹೆಸರು ಹಾಕಲಿಲ್ಲ. ಕಣ್ಣಿಗೆ ಬಿದ್ದರೆ ಅವನು ತಿದ್ದದೆ ಇರಲಾರನೆಂದು ಅವಳಿಗೆ ಗೊತ್ತಿತ್ತು.

ಆ ಲೇಖನ ಹಿಂದಿನ ಎಲ್ಲಕ್ಕಿಂತ ದೂರ ಹೋಯಿತು. ಬೆಂಗಳೂರಿನ ಒಂದು ಸುದ್ದಿತಾಣವೂ ಕೇಳಿ ಹಾಕಿಕೊಂಡಿತು. ಸೌಮ್ಯ ದಿನಾ ಪ್ರತಿಕ್ರಿಯೆಗಳನ್ನು ತೆರೆದು ನೋಡಿದಳು. ‘ಸೂಪರ್ ಮೇಡಂ.’ ‘ನಮ್ಮನೆ ಬಾವಿಯಲ್ಲೂ ಇದೆ.’ ‘ಇದನ್ನು ತಿನ್ನಬಹುದೇ?’ ಆನಂದ ಬರಲಿಲ್ಲ.

ಬಂದದ್ದು ಸ್ಫೂರ್ತಿ ಎಂಬ ಧಾರವಾಡದ ಸಂಶೋಧನಾ ವಿದ್ಯಾರ್ಥಿನಿಯ ಫೋನು.

“ಮೇಡಂ, ನಿಮ್ಮ ಲೇಖನ ಓದಿ ಇಡಗುಂದಿಗೆ ಬಂದೀನ್ರಿ. ಹಳ್ಳಾ ಪೂರ್ತಿ ಹುಡುಕಿದ್ರೂ ಒಂದೂ ಕೂಗವಲ್ದು. ದಾರಿ ತೋರ್ಸಾಕ ಬಂದ ಕೆರಿಯಪ್ಪಣ್ಣ, ‘ಕಪ್ಪೆ ಸಂತೆಗೆ ಹೋಗಿರ್ಬೇಕು ತಂಗಿ’ ಅಂತ ನಗಾಕತ್ತಾನ. ನನಗ ಅಳು ಬರಾಕತ್ತೇತಿ. ಇಲ್ಲಿಂದ ಅಳಿದುಹೋಗೇತಿ ಅಂತ ಪ್ರಬಂಧದಾಗ ಬರೀಲೇನ್ರಿ?”

ಒಬ್ಬನಿಗೆಂದು ಬರೆದ ತಪ್ಪನ್ನು ಸೌಮ್ಯಳೇ ಊರೂರಿಗೆ ಹಂಚಿದ್ದಳು.

“ಬರೀಬೇಡ,” ಎಂದಳು. “ಅದು ಅಲ್ಲಿ ಇರ್ಲೇ ಇಲ್ಲ. ತಪ್ಪು ನನ್ನದು. ಹೆಗಡೆಕಟ್ಟಾಕ್ಕೆ ಬಾ, ನಾನೇ ಕರ್ಕೊಂಡು ಹೋಗ್ತೆ.”

ತಿದ್ದುಪಡಿ ಹಾಕಬೇಕೆಂದಾಗ ಮನೋಹರ ಬೆಚ್ಚಿದ.

“ತಾಣದಲ್ಲಿ ಸುಮ್ನೆ ಬದಲ್ಸಿಬಿಡೆ. ಅಷ್ಟೂ ಪೇಪರಿಗೆ ‘ತಪ್ಪಾತು’ ಅಂತ ಬರೆದ್ರೆ ನಾಳೆಯಿಂದ ನಿನ್ನ ಲೇಖನ ಯಾರು ತಗತ್ತ?”

“ತಗಳ್ದಿದ್ರೆ ಬ್ಯಾಡ.”

ಅವಳು ಕಳಿಸಿದ್ದು ಎರಡು ವಾಕ್ಯ: ‘ಈ ಕಪ್ಪೆಯ ದನಿ ದಾಖಲಾದದ್ದು ಇಡಗುಂದಿಯಲ್ಲಲ್ಲ, ಹೆಗಡೆಕಟ್ಟಾದ ಹಳ್ಳದಲ್ಲಿ. ದಾಖಲಿಸಿದವರು ಆನಂದ.’

“ಈ ಆನಂದ ಯಾರೇ?”

“ರೆಕಾರ್ಡರ್ ಹಿಡ್ಕೊಂಡಿದ್ದವ.”

“ಅಂವ ಈಗ ಎಲ್ಲಿದ್ದ?”

“ಗೊತ್ತಿಲ್ಲ.”

ಕೆಲವು ಪತ್ರಿಕೆಗಳು ತಿದ್ದುಪಡಿಯನ್ನು ಮೂಲೆಯಲ್ಲಿ ಹಾಕಿದವು, ಕೆಲವು ಬಿಟ್ಟೇಬಿಟ್ಟವು. ಬೆಂಗಳೂರಿನ ತಾಣ ಲೇಖನವನ್ನೇ ತೆಗೆದುಹಾಕಿತು. ‘ಹಳ್ಳದ ದನಿ’ಗೆ ಬರುವವರು ಮತ್ತೆ ವಿದ್ಯಾರ್ಥಿಗಳಷ್ಟೇ ಆದರು. ಹಾಕಿದ ಗಾಳವನ್ನು ತಾನೇ ಎಳೆದುಕೊಂಡಂತಾಗಿ, ಸೌಮ್ಯ ಪ್ರತಿಕ್ರಿಯೆಗಳನ್ನು ನೋಡುವುದನ್ನೇ ಬಿಟ್ಟಳು. ಸ್ಫೂರ್ತಿ ಹೆಗಡೆಕಟ್ಟಾದಲ್ಲಿ ಕಪ್ಪೆಯ ಕೂಗು ಕೇಳಿ ಕುಣಿದಾಡಿದ ದಿನ, ಅದನ್ನು ತಾಣದಲ್ಲಿ ಬರೆಯಲೆಂದು ಮತ್ತೆ ತೆರೆದಳು.

ತಿದ್ದುಪಡಿಯ ಕೆಳಗೆ ಒಂದು ಪ್ರತಿಕ್ರಿಯೆ ಇತ್ತು. ಹೆಸರಿಲ್ಲ, ವಿಳಾಸವಿಲ್ಲ.

‘ಹೆಗಡೆಕಟ್ಟಾ ಅಂದ್ರ ಸಾಲಂಗಿಲ್ರಿ. ಅಲ್ಲಿ ಎರಡು ಹಳ್ಳ ಅದಾವ. ಕೆಳಗಿನ ಹಳ್ಳ ಅಂತ ಬರೀರಿ.’

ಇದು ಅವಳು ಬೇಕೆಂದು ಮಾಡಿದ ತಪ್ಪಾಗಿರಲಿಲ್ಲ. ನಿಜಕ್ಕೂ ಬಿಟ್ಟುಹೋಗಿತ್ತು. ‘ಹಳ್ಳ’ದ ಹಿಂದೆ ‘ಕೆಳಗಿನ’ ಎಂದು ಸೇರಿಸಿದಳು. ಆಮೇಲೆ ಆ ಪ್ರತಿಕ್ರಿಯೆಯ ಅಡಿಯಲ್ಲಿ ಬರೆದಳು:

‘ತಿದ್ದಿದ್ದೇನೆ. ಹಳೆಯ ಲೇಖನಗಳಲ್ಲೂ ತಪ್ಪುಗಳಿರಬಹುದು. ಕೂತು ನೋಡುವವರು ಒಬ್ಬರು ಬೇಕು. ಬರ್ರಿ.’