ಹೊಗೆ ತೆಳ್ಳಗಿತ್ತು

ಕೆಲಸ ಮುಗಿಸಿ ಬಂದ ಬಾಯ್ಲರ್ ಆಪರೇಟರ್ ಮನೆಯ ಬೀಗ ತೆಗೆಯುವ ಮುನ್ನ ಒಮ್ಮೆ ತಿರುಗಿ ವಿದ್ಯುತ್ ಸ್ಥಾವರದ ಚಿಮಣಿ ನೋಡುತ್ತಾನೆ. ಹತ್ತೊಂಬತ್ತು ವರ್ಷದ ಅಭ್ಯಾಸ. ಹೊಗೆ ಕಪ್ಪಾಗಿದ್ದರೆ ಕಲ್ಲಿದ್ದಲು ಸರಿಯಾಗಿ ಉರಿಯುತ್ತಿಲ್ಲ. ತೆಳ್ಳಗಿದ್ದರೆ ಎಲ್ಲ ಸರಿ. ಒಳಗೆ ಎರಡು ಕೋಣೆ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮತ್ತೆ ಬೂದಿ. ಬಾಗಿಲ ಹಿಂದೆ ಮಗಳ ಕೆಂಪು ರೇನ್‌ಕೋಟು. ಈಗ ಅವಳಿಗೆ ಅದು ಚಿಕ್ಕದು.

ಮಗಳಿಗೆ ಉಬ್ಬಸ. ಡಾಕ್ಟರು ಹೇಳಿದಂತೆ ಎರಡು ವರ್ಷದ ಹಿಂದೆ ಹೆಂಡತಿ ಅವಳನ್ನು ಕರೆದುಕೊಂಡು ತವರಿಗೆ ಹೋದಳು. ಇವನು ಕೆಲಸಕ್ಕಾಗಿ ಉಳಿದ. ಪ್ರತಿ ಸಂಜೆ ಫೋನಿನಲ್ಲಿ ಮಗಳ ಮೊದಲ ಪ್ರಶ್ನೆ: "ಅಪ್ಪಾ, ಇವತ್ತು ಹೊಗೆ ಹೇಗಿದೆ?"

ಕಳೆದ ತಿಂಗಳು ಒಂದು ಭಾನುವಾರ, "ಕಾಣೋದೇ ಇಲ್ಲ, ಬಾ" ಅಂದಿದ್ದ. ಸುಡುಬಿಸಿಲಿನಲ್ಲಿ ತಾಯಿ ಮಗಳು ಬಂದರು. ತಟ್ಟೆಯ ಮುಂದೆ ಕೂತ ಮಗಳಿಗೆ ಉಸಿರು ಕಟ್ಟಿತು. ಆಸ್ಪತ್ರೆಯಿಂದಲೇ ಹೆಂಡತಿ ವಾಪಸ್ಸು ಹೊರಟಳು. ಬೈಯಲಿಲ್ಲ. ಅಂದಿನಿಂದ ಅವನ ಜೊತೆ ಫೋನಿನಲ್ಲೂ ಮಾತಿಲ್ಲ.

ಅವತ್ತು ಮಗಳ ಮುಖಕ್ಕೆ ಆಕ್ಸಿಜನ್ ಹಿಡಿದಿದ್ದ ನರ್ಸ್ ಈ ಸಂಜೆ ಬಾಗಿಲಿಗೆ ಬಂದಳು. ಕೈಯಲ್ಲಿ ಬಿಳಿ ಹಾಳೆಗಳು.

"ಅಣ್ಣಾ, ನೀವೊಂದು ಪತ್ರ ಬರೀಬೇಕು."

"ಯಾರಿಗೆ ಸಿಸ್ಟರ್? ನನ್ನ ಪತ್ರ ಕಾಯೋರು ಯಾರಿದ್ದಾರೆ?"

"ನಮ್ಮ ಶಾಸಕರಿಗೆ. ಇಂಗಾಲದ ಹೊಗೆ ತಗ್ಗಿಸೋ ಮಸೂದೆ ಮುಂದಿನ ವಾರ ಸದನಕ್ಕೆ ಬರ್ತಿದೆ. ವರ್ಷ ವರ್ಷ ಕಲ್ಲಿದ್ದಲು ಸುಡೋದು ಕಮ್ಮಿ ಮಾಡಿ, ಬಿಸಿಲು ಗಾಳಿಯಿಂದ ಕರೆಂಟು ತೆಗೆಯೋ ಯೋಜನೆ."

ಅವನು ನಕ್ಕ. "ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ನನ್ನದೇ ಸಹಿ! ಇಂಜೆಕ್ಷನ್ನೂ ಹೀಗೇ ನಗ್ತಾ ಚುಚ್ತೀರಾ?"

"ನಿಮಗೆ ಹೊಸ ಕೆಲಸ ಕಲಿಸಬೇಕು ಅಂತಲೂ ಅದರಲ್ಲಿದೆ. ಆ ಮಾತು ಉಳೀಬೇಕಾದ್ರೆ ನಿಮ್ಮಂಥೋರೇ ಕೇಳ್ಬೇಕು."

"ನಮ್ಮ ಹೊಗೇಲಿ ತಪ್ಪೇನಿದೆ? ನಾನೇ ದಿನಾ ನೋಡ್ತೀನಲ್ಲ. ಅವತ್ತೂ ತೆಳ್ಳಗಿತ್ತು."

"ತೆಳ್ಳಗಿತ್ತು. ಆದ್ರೆ ಎದೆಗೆ ಇಳಿಯೋ ಸಣ್ಣ ಧೂಳು ಕಣ್ಣಿಗೆ ಕಾಣಲ್ಲ ಅಣ್ಣಾ. ಇಂಗಾಲದ ಅನಿಲಕ್ಕಂತೂ ಬಣ್ಣಾನೇ ಇಲ್ಲ. ಮೇಲೆ ಹೋಗಿ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಕೂರತ್ತೆ, ಸೆಕೆ ಏರತ್ತೆ. ಸೆಕೆ ಏರಿದ ದಿನ ನಮ್ಮ ವಾರ್ಡ್ ತುಂಬ ಇಂಥ ಮಕ್ಕಳೇ. ಧೂಳು, ಅನಿಲ ಎರಡೂ ಹೊರಡೋದು ಒಂದೇ ಒಲೆಯಿಂದ."

ಅವನು ಬಾಗಿಲ ಹಿಂದಿನ ಕೆಂಪು ರೇನ್‌ಕೋಟಿನ ಮೇಲಿನ ಬೂದಿ ಕೊಡವಿದ. "ಅವಳನ್ನ ಕರೆದಿದ್ದು ನಾನೇ," ಅಂದ.

"ಗೊತ್ತು."

"ಒಂದು ಪತ್ರದಿಂದ ಏನಾಗತ್ತೆ?"

"ಹಿಂದಿನ ಸಲ ಇಂಥದ್ದೇ ಮಸೂದೆ ಬಂದಾಗ ಈ ಬೀದಿಯಿಂದ ಒಂದು ಪತ್ರಾನೂ ಹೋಗಲಿಲ್ಲ. ನಮ್ಮ ಕ್ಷೇತ್ರದಲ್ಲಿ ಯಾರೂ ಕೇಳಲಿಲ್ಲ ಅಂತ ಶಾಸಕರು ಸುಮ್ಮನಾದರು. ಅವರು ಹೇಳಿದ್ದು ಸುಳ್ಳಲ್ಲ."

ನರ್ಸ್ ಹೋದ ಮೇಲೆ ಎರಡು ಹಾಳೆ ಹರಿದ. ಮೂರನೆಯದರಲ್ಲಿ ಇಷ್ಟು ಉಳಿಯಿತು: "ನಾನು ಬಾಯ್ಲರ್ ಉರಿಸುವವನು. ಹೊಗೆ ನೋಡಿ ಎಲ್ಲ ತಿಳಿಯುತ್ತದೆ ಎಂದುಕೊಂಡಿದ್ದೆ. ತಿಳಿಯುವುದಿಲ್ಲ. ನನ್ನ ಮಗಳು ಮನೆಗೆ ಬರುವಂತಾಗಬೇಕು, ನನಗೆ ಕೆಲಸವೂ ಇರಬೇಕು. ಮಸೂದೆಯ ಪರವಾಗಿ ಮತ ಹಾಕಿ."

ಫೋನು ಬಂತು. "ಅಪ್ಪಾ, ಇವತ್ತು ಹೊಗೆ ಹೇಗಿದೆ?"

ಅವನು ಕಿಟಕಿಯತ್ತ ತಿರುಗಲಿಲ್ಲ. "ನೋಡಿ ಹೇಳೋಕಾಗಲ್ಲ ಮಗಳೇ. ಇಷ್ಟು ದಿನ ನಾನು ತಪ್ಪು ಹೇಳ್ತಿದ್ದೆ." ಪತ್ರ ಓದಿದ.

ಆ ಕಡೆಯಿಂದ ಹೆಂಡತಿಯ ದನಿ, ಒಂದು ತಿಂಗಳ ನಂತರ: "ಇಲ್ಲಿನ ಶಾಸಕರ ವಿಳಾಸ ಬೇರೆ ಇರತ್ತೆ ಅಲ್ವಾ? ಸಿಸ್ಟರನ್ನ ಕೇಳಿ ಹೇಳಿ. ನಾನೂ ಬರೀತೀನಿ."

ಓದುತ್ತಿರುವ ನಿಮ್ಮ ಕಿಟಕಿಗೆ ಚಿಮಣಿ ಕಾಣದಿರಬಹುದು. ಆದರೂ ಇವತ್ತೇ ನಿಮ್ಮ ಶಾಸಕರಿಗೆ ಬರೆಯಿರಿ. ನೀವು ಯಾರು, ಯಾರ ಉಸಿರಿಗಾಗಿ ಕೇಳುತ್ತಿದ್ದೀರಿ, ಇಂಗಾಲ ತಗ್ಗಿಸುವ ಯೋಜನೆಗೆ ಅವರು ಬೆಂಬಲ ಕೊಡಬೇಕು: ಇಷ್ಟು ಸಾಕು. ಯಾರೂ ಕೇಳಲಿಲ್ಲ ಎನ್ನಲು ಈ ಸಲ ಅವರಿಗೆ ಬಾಯಿ ಬರದಿರಲಿ.