ನಾಲ್ಕನೇ ಗುಡ್ಡೆ

ನಾನೊಂದು ಕೊರಡು. ಹುಣಸೆ ಮರದ ಕೊರಡು, ಬಾಡು ಕಡಿಯುವ ಕೊರಡು. ನೋಡಿ ಮೂಗು ಮುರಿಯಬೇಡಿ. ನನ್ನ ಮೈಮೇಲಿನ ಗಾಯಗಳೆಲ್ಲ ಯಾರದೋ ಮನೆಯ ಹಬ್ಬದೂಟಕ್ಕೆಂದೇ ಆದವು.

ಹುಟ್ಟಿದ್ದು ಮದ್ದೂರು ಕಡೆಯ ಹೊನ್ನೇಮಂಟಿ ಎಂಬ ಊರಿನ ರಸ್ತೆ ಪಕ್ಕ. ಯಾರೂ ನೆಟ್ಟದ್ದಲ್ಲ, ಯಾರೋ ಉಗಿದ ಬೀಜ. ಎಂಬತ್ತು ವರ್ಷ ನಿಂತಿದ್ದೆ. ಕಾಯಿಗೆಂದು ಕಲ್ಲು ಹೊಡೆದರು, ದೆವ್ವ ಕಟ್ಟುತ್ತೇವೆಂದು ಮೊಳೆ ಬಡಿದರು. ಕೊನೆಗೆ ರಸ್ತೆ ಅಗಲ ಮಾಡುವವರು ಬಂದು ಬುಡಕ್ಕೇ ಕೊಡಲಿ ಹಾಕಿದರು. ಮೂರು ದಿನ ಕಡಿದರು. ಮೂರನೇ ದಿನ ಬಿದ್ದೆ, ಬೀಳುವಾಗ ಕಡಿದವರಲ್ಲೊಬ್ಬನ ಕಾಲು ಮುರಿದೇ ಬಿದ್ದೆ. ಸುಮ್ಮನೆ ಮಲಗುವ ಜಾತಿಯಲ್ಲ ನಮ್ಮದು. ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ?

ಬುಡದ ಎರಡಡಿ ತುಂಡನ್ನು ಜವರಪ್ಪ ಗಾಡಿಯಲ್ಲಿ ಹೇರಿಕೊಂಡು ಹೋದ. ಊರಿನಲ್ಲಿ ಕುರಿ ಕಡಿಯುವವನು ಅವನೇ. ಕುಳ್ಳ ಆಳು, ಮುಂಗೈ ಮಾತ್ರ ನನ್ನ ಕೊಂಬೆಯಷ್ಟೇ ದಪ್ಪ. ಬೇರೆ ಮರವಾದರೆ ಏಟಿಗೆ ಪುಡಿಯೆದ್ದು ಬಾಡಿನೊಳಗೆ ಸಿಬಿರು ಸೇರುತ್ತದೆ, ಹುಣಸೆ ತಡೆಯುತ್ತದೆ. ಅದಕ್ಕೇ ನನ್ನನ್ನು ಆರಿಸಿದ. ಮೊದಲ ದಿನ ಮಚ್ಚಿನ ಮೊದಲ ಏಟಿಗೆ ನಾನು ಅತ್ತೆ. ನೂರನೇ ಏಟಿಗೆ ಅಳು ಬರಲಿಲ್ಲ. ಸಾವಿರದ ಹೊತ್ತಿಗೆ ಏಟು ಬಿದ್ದದ್ದೇ ಗೊತ್ತಾಗುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಒಬ್ಬರು ಮೇಷ್ಟ್ರು ಬಂದು ಇದೇ ಮಾತಿಗೆ ದೊಡ್ಡ ಹೆಸರಿಟ್ಟು ಹೇಳುತ್ತಾರೆ.

ಶ್ರಾವಣ ಬಂದರೆ ನನ್ನನ್ನು ಕೇಳುವವರಿಲ್ಲ. ಹಲ್ಲಿ ನನ್ನ ಮೇಲೆ ಮಲಗುತ್ತಿತ್ತು. ಆದರೆ ಯುಗಾದಿಯ ಮಾರನೇ ದಿನ, ಹೊಸತೊಡಕು, ಅಯ್ಯೋ ನನ್ನಪ್ಪ! ಅವತ್ತು ಬಾಡಿಗಾಗಿ ಅಣ್ಣತಮ್ಮಂದಿರು ಕತ್ತು ಹಿಸುಕಿಕೊಳ್ಳುವುದೊಂದು ಬಾಕಿ. ಜವರಪ್ಪ ಬರುವ ಮುಂಚೆ ಒಂದು ವರ್ಷ ಮಜ್ಜೆ ತುಂಬಿದ ಒಂದೇ ಒಂದು ನಲ್ಲಿ ಮೂಳೆಗಾಗಿ ಭಾವ ಭಾವಮೈದ ಬಡಿದಾಡಿ, ಒಬ್ಬನ ಎರಡು ಹಲ್ಲು ಉದುರಿದ್ದವಂತೆ.

ಆ ಜಗಳ ನಿಲ್ಲಿಸಿದವನು ಜವರಪ್ಪ. ಊರವರೆಲ್ಲ ಸೇರಿ ನಾಲ್ಕು ಕುರಿ ಕೊಳ್ಳುತ್ತಿದ್ದರು. ಅವನು ಕಡಿದು ನಲವತ್ತು ಗುಡ್ಡೆ ಹಾಕುತ್ತಿದ್ದ. ಮುತ್ತುಗದ ಎಲೆ ಹಾಸಿ, ಪ್ರತಿ ಗುಡ್ಡೆಗೂ ಅಷ್ಟೇ ಬಾಡು, ಅಷ್ಟೇ ಮೂಳೆ, ಅಷ್ಟೇ ಕೊಬ್ಬು, ಮೇಲೆ ಬೆರಳುದ್ದ ಒಂದು ಚೂರು ಲಿವರ್. ಆಮೇಲೆ ಒಬ್ಬ ಬೆನ್ನು ತಿರುಗಿಸಿ ನಿಲ್ಲಬೇಕು. ಇನ್ನೊಬ್ಬ ಕೋಲಿನಿಂದ ಗುಡ್ಡೆ ತೋರಿಸಿ "ಇದ್ ಯಾರ್ದು?" ಎಂದಾಗ, ನೋಡದೆಯೇ ಒಂದು ಹೆಸರು ಕೂಗಬೇಕು. ಕೊನೆಯ ಹೆಸರು ಕೂಗುವ ತನಕ ಯಾರೂ ಗುಡ್ಡೆ ಮುಟ್ಟುವಂತಿಲ್ಲ. ಕಡಿದವನಿಗೆ ಕೂಲಿ ಎಂದರೆ ನಾಲ್ಕು ತಲೆ, ಹದಿನಾರು ಕಾಲು. ಅವನಿಗೆ ಗುಡ್ಡೆಯಿಲ್ಲ. ಇಪ್ಪತ್ತಾರು ವರ್ಷ ಆ ಮನುಷ್ಯ ಒಂದು ಚೂರು ಲಿವರ್ ಎತ್ತಿ ಮಡಿಲಿಗೆ ಹಾಕಿಕೊಂಡವನಲ್ಲ. ಊರಲ್ಲಿ ಅವನಿಗಿದ್ದ ಆಸ್ತಿ ಎಂದರೆ ಆ ಹೆಸರೊಂದೇ.

ಆ ವರ್ಷ ಅವನ ಮಗಳು ಚಿಕ್ಕತಾಯಿ ಹೆರಿಗೆಗೆ ಬಂದಿದ್ದಳು. ಮೊದಲ ಬಸಿರು ಆರು ತಿಂಗಳಿಗೇ ಹೋಗಿತ್ತು. ಈಗ ಏಳು. ಮುಖ ಸುಣ್ಣದ ಗೋಡೆಯ ಹಾಗೆ ಬಿಳಿಚಿತ್ತು, ಗಂಜಿ ಕುಡಿದರೂ ವಾಂತಿ. ನರ್ಸಮ್ಮ ಬಂದು ಮೈಯಲ್ಲಿ ರಕ್ತವೇ ಇಲ್ಲ, ಹೀಗಾದರೆ ಇದೂ ಉಳಿಯುವುದು ಕಷ್ಟ ಎಂದು ಹೇಳಿ ಹೋಗಿದ್ದಳು. ಹುಡುಗಿ ಕೇಳುತ್ತಿದ್ದದ್ದು ಒಂದೇ. ಮೆಣಸು ಹಾಕಿ ಹುರಿದ ಲಿವರ್.

"ಬಸ್ರಿ ಬಯಕೆ ತೀರುಸ್ದೆ ಇದ್ರೆ ಮಗೀಗೆ ಕಿವಿ ಸೋರ್ತದೆ ಕನ. ಊರ್ಗೆಲ್ಲ ಕಡ್ದಾಕ್ತೀಯ, ಒಂದ್ ಚೂರು ತರಕ್ಕಾಗಕಿಲ್ವಾ ನಿಂಗೆ?" ಎಂದು ಹೆಂಡತಿ ನಿಂಗಾಜಮ್ಮ ಹಿಂದಿನ ದಿನವೆಲ್ಲ ಅವನ ಪ್ರಾಣ ತಿಂದಿದ್ದಳು. ಜವರಪ್ಪ ಪೇಟೆಗೂ ಹೋಗಿ ಬಂದಿದ್ದ. ಹಬ್ಬದ ಲಿವರೆಲ್ಲ ಮುಂಚೆಯೇ ಹೇಳಿಟ್ಟವರಿಗೆ ಹೋಗಿತ್ತು. ಬರಿಗೈಯಲ್ಲಿ ಬಂದು ನನ್ನ ಪಕ್ಕ ಕೂತು ಮಚ್ಚು ಮಸೆದ. ಮಸೆದದ್ದನ್ನೇ ಮಸೆದ.

ಬೆಳಿಗ್ಗೆ ಆರಕ್ಕೆ ಶುರು. ನಾಲ್ಕು ಕುರಿ ಒಂದಾದ ಮೇಲೊಂದು ನನ್ನ ಮೇಲೆ ಬಂದವು. ರಕ್ತ ನನ್ನ ಗಾಯದ ಗೆರೆಗಳಲ್ಲಿ ಹರಿದು ಕೆಳಗೆ ಮಣ್ಣು ಕೆಸರಾಯಿತು. ಲಿವರ್ ಕಡಿಯುವಾಗ ಮಾತ್ರ ಜವರಪ್ಪನ ಮಚ್ಚು ಗುರಿ ತಪ್ಪಿ ನನ್ನ ಅಂಚಿಗೆ ಬಿತ್ತು. ನಾನು ಅವನ ಕೈ ಬಲ್ಲೆ, ಅದು ಗುರಿ ತಪ್ಪಿದ್ದನ್ನು ಅದೇ ಮೊದಲು ಕಂಡದ್ದು.

ಅದನ್ನು ಇನ್ನೊಬ್ಬರೂ ಕಂಡರು. ನಂಜುಂಡಯ್ಯ ಮೇಷ್ಟ್ರು. ಪೇಟೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವರು. ಅವರದೂ ಒಂದು ಗುಡ್ಡೆ ಇತ್ತು. ಗುಡ್ಡೆ ಕಾಯುವಾಗಲೂ ಪಾಠ ಮಾಡದೆ ಇರಲಾರದ ಆಸಾಮಿ. ಏನಾಯಿತೆಂದು ಕೇಳಿದರು. ಜವರಪ್ಪ ತಲೆಯೆತ್ತದೆ ಹೇಳಿದ.

"ಇಷ್ಟೇನಾ? ಕೇಳಿಲ್ಲಿ ಜವರಪ್ಪ. ಹಸ್ದೋನಿಗೆ ಮೊದಲ್ನೇ ತುತ್ತು ಅಮೃತ. ಎರಡ್ನೇದು ರುಚಿ. ಮೂರ್ನೇದು ಪರವಾಗಿಲ್ಲ. ನಾಲ್ಕನೇದು ಬೇಡ. ಒಂದೊಂದು ಹೆಚ್ಚಾದಂಗೂ ಅದರಿಂದ ಸಿಗೋ ತೃಪ್ತಿ ಇಳೀತಾ ಹೋಗ್ತದೆ. ಇದುಕ್ಕೆ ಇಳಿಮುಖ ಸೀಮಾಂತ ತುಷ್ಟಿಗುಣ ಅಂತೀವಿ."

"ಇದ್ಕೆ ಕಾಲೇಜ್ ಯಾಕ್ ಬೇಕು ಸಾ? ಹೊಟ್ಟೆ ತುಂಬಿದ್ ಮ್ಯಾಲೆ ಹುಗ್ಗಿ ಮುಳ್ಳು ಅಂತ ನಮ್ಮವ್ವನೇ ಏಳ್ತಿದ್ಲು."

"ಅದೇ ಕಣಯ್ಯ! ಈಗ ನೋಡು, ನನ್ನದು ಒಂದೇ ಗುಡ್ಡೆ, ಮನೇಲಿ ನಾಲ್ಕು ಮಕ್ಳು ಆ ಒಂದು ಚೂರಿಗೆ ಕಿತ್ತಾಡ್ತವೆ. ಆದ್ರೆ ಕೆಂಚೇಗೌಡ್ರು ದುಡ್ಡಿರೋರು, ನಾಲ್ಕು ಗುಡ್ಡೆಗೆ ಕಟ್ಟಿದಾರೆ. ಮನೇಲಿರೋದು ಮೂರು ಜನ. ನಾಲ್ಕನೇ ಗುಡ್ಡೆ ನಾಯಿಗೆ. ಆ ಚೂರು ಅವ್ರಿಗೆ ಕಸಕ್ಕೆ ಸಮ, ನಿನಗೆ ಪ್ರಾಣಕ್ಕೆ ಸಮ. ನಿನ್ನ ಕೂಲಿ ತಲೇಲಿ ಒಂದು ಕೊಟ್ಟು ಕೇಳು. ಇಬ್ಬರಿಗೂ ಲಾಭ. ಯಾಕೆ ಒಲ್ಲೆ ಅಂತಾರೆ?"

ಮೇಷ್ಟ್ರ ಮಾತಿನಲ್ಲಿ ಜವರಪ್ಪನಿಗೆ ತಪ್ಪೇನೂ ಕಾಣಲಿಲ್ಲ. ನನಗೂ ಕಾಣಲಿಲ್ಲ. ಅವನ ಮುಖ ಅರಳಿತು. ಕದಿಯುವುದಲ್ಲ, ಬೇಡುವುದೂ ಅಲ್ಲ. ತಲೆ ಕೊಟ್ಟು ಪಡೆಯುವುದು. ಮರ್ಯಾದೆಗೇನೂ ಕುಂದಿಲ್ಲ.

ಹೆಸರು ಕೂಗುವುದು ನಡೆಯುತ್ತಿತ್ತು. ಕೆಂಚೇಗೌಡನ ನಾಲ್ಕೂ ಗುಡ್ಡೆ ಮೊದಲೇ ಬಂದಿದ್ದವು. ಅವನು ಹೆಸರು ಮುಗಿಯುವ ತನಕ ಕಾಯುವವನೇ? ಗುಡ್ಡೆಗಳನ್ನು ಎಲೆಸಮೇತ ಎತ್ತಿಸಿ ನನ್ನ ಪಕ್ಕದಲ್ಲೇ ಇಡಿಸಿಕೊಂಡ. ಅವನ ನಾಯಿ ಜೀಪಿಗೆ ಕಟ್ಟಿಸಿಕೊಂಡು ಜೊಲ್ಲು ಸುರಿಸುತ್ತಿತ್ತು. ಜವರಪ್ಪ ಕೊನೆಯ ಕಾಲು ಕಡಿಯುತ್ತಿದ್ದವನು ಮಚ್ಚು ಹಿಡಿದೇ ಹೇಳಿದ.

"ಗೌಡ್ರೇ, ಮಗ್ಳು ಏಳ್ ತಿಂಗ್ಳು ಬಸ್ರಿ. ಲಿವರ್ ಅಂತ ಅಂಬಲಿಸ್ತಾವ್ಳೆ. ನಿಮ್ ನಾಕ್ ಗುಡ್ಡೇಲಿ ಒಂದ್ ಚೂರ್ ಕೊಟ್ರೆ ಒಂದ್ ತಲೆ ಕೊಡ್ತೀನಿ. ಬೇಕಾದ್ರೆ ಎರಡ್ ತಕ್ಕಳಿ."

ಗೌಡ ಸುತ್ತ ನೋಡಿದ. ಊರೆಲ್ಲ ನಿಂತಿತ್ತು. ಅವನ ಕಣ್ಣಿಗೊಂದು ಹೊಳಪು ಬಂತು.

"ಓಹೋ! ಊರ್ಗೆಲ್ಲ ಸಮ ಹಂಚೋ ಧರ್ಮರಾಯ ಕೈ ಚಾಚ್ತಾವ್ನೆ ನೋಡ್ರಪ್ಪೋ!" ಎಂದು ಒಂದು ಚೂರು ಲಿವರ್ ಎತ್ತಿ ನನ್ನ ಮೇಲಿಟ್ಟ. "ತಕ್ಕೋ."

ಜವರಪ್ಪ ಎಡಗೈ ಚಾಚಿದ. ಗೌಡ ಸರ್ರನೆ ಹಿಂದಕ್ಕೆಳೆದುಕೊಂಡ. ಜನ ನಕ್ಕರು. ಮತ್ತೆ ಇಟ್ಟ, ಮತ್ತೆ ಎಳೆದುಕೊಂಡ. ಅರ್ಧ ಜನ ನಕ್ಕರು. ಮೂರನೇ ಸಲ ಎಳೆದುಕೊಂಡು ನಾಯಿಗೆಸೆದ. ನಾಯಿ ಗಾಳಿಯಲ್ಲೇ ಹಿಡಿದು ನುಂಗಿತು. ಯಾರೂ ನಗಲಿಲ್ಲ. ಮೇಷ್ಟ್ರು ಹೇಳಿದ ಹಾಗೆಯೇ ಜನರಿಗೆ ಆ ಆಟದ ರುಚಿ ಇಳಿದುಹೋಗಿತ್ತು.

ಗೌಡನಿಗೆ ಮಾತ್ರ ಇಳಿಯಲಿಲ್ಲ, ಏರಿತು. ಮೇಷ್ಟ್ರ ಪುಸ್ತಕದಲ್ಲಿ ಇಲ್ಲದ್ದು ಇದೊಂದು. ಇನ್ನೊಬ್ಬ ಕೈಚಾಚಿ ನಿಂತದ್ದನ್ನು ನೋಡುವ ರುಚಿ. ಅದನ್ನು ಎಷ್ಟು ಉಂಡರೂ ಅಂಥವರ ಹೊಟ್ಟೆ ತುಂಬುವುದಿಲ್ಲ. ಕಸಕ್ಕೆ ಸಮವಾಗಿದ್ದ ನಾಲ್ಕನೇ ಗುಡ್ಡೆಯ ಚೂರು, ಜವರಪ್ಪ ಬೇಕೆಂದ ಕ್ಷಣದಿಂದ ಗೌಡನ ಕೈಯಲ್ಲಿ ಬಂಗಾರವಾಗಿತ್ತು. ಅಷ್ಟು ಸುಖ ಕೊಡುವುದನ್ನು ಎರಡು ತಲೆಗೆ ಯಾರಾದರೂ ಬಿಟ್ಟುಕೊಡುತ್ತಾರೆಯೇ?

"ಇನ್ನೂ ಮೂರವೆ ಕಣೋ. ಒಡ್ಡು ಕೈಯ. ನಿನ್ ಮಗ್ಳುನ್ನೇ ಕಳ್ಸು ಬೇಕಾದ್ರೆ, ಅವ್ಳೂ ಒಡ್ಲಿ," ಎಂದು ಎರಡನೇ ಚೂರನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮೇಲೆ ಒತ್ತಿದ.

ಮಚ್ಚು ಬಿತ್ತು.

ಜವರಪ್ಪ ನೋಡಿ ಕಡಿದನೋ ನೋಡದೆ ಕಡಿದನೋ ಎಂದು ಕೋರ್ಟಿನಲ್ಲಿ ವಕೀಲರು ಎರಡು ದಿನ ಕಿತ್ತಾಡಿದರಂತೆ. ನನ್ನನ್ನು ಯಾರೂ ಕೇಳಲಿಲ್ಲ. ನೋಡಿಯೇ ಕಡಿದ. ಅಂಥ ಏಟು ನನ್ನ ಜನ್ಮದಲ್ಲಿ ಬಿದ್ದಿರಲಿಲ್ಲ. ಗೌಡನ ಎರಡು ಬೆರಳು ಹಾರಿದವು, ಲಿವರ್ ಎರಡು ಹೋಳಾಯಿತು, ಮಚ್ಚು ನನ್ನೊಳಕ್ಕೆ ಅರ್ಧ ಅಲಗು ಇಳಿದು ಅಲ್ಲೇ ಕಚ್ಚಿಕೊಂಡಿತು. ಏಟೆಂದರೆ ಏನೆಂದೇ ಮರೆತಿದ್ದ ನಾನು ಬುಡದ ತನಕ ಸೀಳಿದೆ.

ಗೌಡ ಕೈ ಹಿಡಿದುಕೊಂಡು ಹಂದಿಯ ಹಾಗೆ ಅರಚಿದ. ಅವನ ಕಡೆಯವರು ದೊಣ್ಣೆ ತಂದರು. ಜವರಪ್ಪನನ್ನು ನನ್ನ ಮೇಲೇ ಕೆಡವಿ ಬಡಿದರು. ಅವನ ಬಲಗೈ ಮೂಳೆ ಮುರಿದ ಸದ್ದು ನನಗೆ ಚೆನ್ನಾಗಿ ಗೊತ್ತು, ಅಷ್ಟು ಮೂಳೆ ಕಂಡವನು ನಾನು. ಬಿಡಿಸಲು ಬಂದವರಿಗೂ ಬಿತ್ತು. ಮೇಷ್ಟ್ರ ಕನ್ನಡಕ ಒಡೆದು ಹುಬ್ಬು ಸೀಳಿತು. ಗುಡ್ಡೆ ಗುಡ್ಡೆಗಳ ಮೇಲೆಯೇ ಓಡಾಡಿದರು, ಇಪ್ಪತ್ತಾರು ವರ್ಷದ ಸಮಪಾಲು ಕಾಲಡಿಯಲ್ಲಿ ಕಲಸಿ ಒಂದೇ ಕೆಸರಾಯಿತು. ನಿಂಗಾಜಮ್ಮ ಬಾಯಿ ಬಡಿದುಕೊಂಡು ಬಂದು ಗಂಡನ ಮೇಲೆ ಬಿದ್ದು ಏಟು ತಿಂದಳು.

ಎಲ್ಲ ನಿಂತ ಮೇಲೆ ಬೆರಳು ಹುಡುಕಿದರು. ಒಂದು ನನ್ನ ಬುಡದಲ್ಲಿ ಸಿಕ್ಕಿತು. ಇನ್ನೊಂದು ಸಿಗಲೇ ಇಲ್ಲ. ಬಾಡಿನಲ್ಲಿ ಎಲ್ಲಿ ಸೇರಿತೋ! ಜನ ಒಬ್ಬೊಬ್ಬರಾಗಿ ಪಾತ್ರೆ ಖಾಲಿ ಹಿಡಿದು ಮನೆಗೆ ಹೊರಟರು. ಆರು ಗಂಟೆಗೆ ಪ್ರಾಣ ಬಿಡುವಷ್ಟು ಬೇಕಾಗಿದ್ದ ಬಾಡು ಹತ್ತು ಗಂಟೆಗೆ ಪುಕ್ಕಟೆ ಕೊಟ್ಟರೂ ಯಾರಿಗೂ ಬೇಡವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ಆಗ ಚಿಕ್ಕತಾಯಿ ಬಂದಳು, ಹೊಟ್ಟೆ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು. ಪೊಲೀಸರು ಅವಳಪ್ಪನನ್ನು ಎಳೆದೊಯ್ಯುತ್ತಿದ್ದರು. ಸುತ್ತ ಎಲ್ಲಿ ನೋಡಿದರೂ ಲಿವರ್ ಬಿದ್ದಿತ್ತು, ಕೇಳುವವರಿರಲಿಲ್ಲ.

"ಆಯ್ಕೋ ಮಗಾ, ತೊಳ್ಕೊಂಡು ತಿನ್ನು! ಎಷ್ಟ್ ಬೇಕಾದ್ರೂ ತಿನ್ನು!" ಎಂದು ಜವರಪ್ಪ ಬಾಯಿಯ ರಕ್ತ ಉಗಿದು ಕೂಗಿದ.

ಅವಳು ಬಗ್ಗಿ ಒಂದು ಚೂರು ಎತ್ತಿಕೊಂಡಳು. ನೋಡಿದಳು. ಅಲ್ಲೇ ಬಿಟ್ಟಳು. "ನಂಗ್ ಬ್ಯಾಡ ಕನಪ್ಪಾ. ನೀನ್ ಬಾ, ಅಷ್ಟೇ ಸಾಕು," ಎಂದು ನನ್ನ ಪಕ್ಕ ಕುಸಿದು ಅತ್ತಳು. ನಾನೂ ಅತ್ತೆ. ಸೀಳು ಬಿಟ್ಟ ಕೊರಡಿಗೆ ಅಳು ಮತ್ತೆ ಬರುತ್ತದೆ, ಅದು ನನಗೆ ಅವತ್ತು ತಿಳಿಯಿತು.

ಮಚ್ಚು ಕಿತ್ತರೆ ಬರಲಿಲ್ಲವಾದ್ದರಿಂದ ಪೊಲೀಸರು ನನ್ನನ್ನೂ ಹೊತ್ತೊಯ್ದರು. ಠಾಣೆಯ ಹಿತ್ತಲಲ್ಲಿ ಎರಡು ವರ್ಷ ಬಿದ್ದಿದ್ದೆ. ಕೇಸು ಮುಗಿದು ಜವರಪ್ಪನಿಗೆ ನಾಲ್ಕು ವರ್ಷ ಜೈಲಾಯಿತು, ಮಚ್ಚನ್ನು ಬಡಿದು ಬಿಡಿಸಿ ನನ್ನನ್ನು ಹರಾಜು ಹಾಕಿದರು. ಒಬ್ಬ ಕೋಳಿ ಅಂಗಡಿಯವನು ಕೊಂಡ. ಫಾರಂ ಕೋಳಿ ಕಡಿಯುವುದೂ ಒಂದು ಏಟೇ? ಬೆನ್ನು ತಟ್ಟಿದ ಹಾಗಿತ್ತು. ಸೀಳಿನಲ್ಲಿ ಕೊಳೆ ಸೇರಿ ನಾರುತ್ತದೆಂದು ಅವನೂ ಸೌದೆಗೆ ಹಾಕಿದ.

ಸೌದೆ ರಾಶಿಯಲ್ಲಿ ನನ್ನ ಸೀಳು ನೋಡಿ ಗುರುತು ಹಿಡಿದವರು ನಂಜುಂಡಯ್ಯ ಮೇಷ್ಟ್ರು. ಹುಬ್ಬಿನ ಗಾಯ ಹಾಗೇ ಇತ್ತು. ಜವರಪ್ಪ ಬಿಡುಗಡೆಯಾಗಿ ಬಂದ ವಾರ ನನ್ನನ್ನು ಆಟೋದಲ್ಲಿ ತಂದು ಅವನ ಬಾಗಿಲ ಮುಂದೆ ಇಳಿಸಿದರು.

"ಅವತ್ತು ನನ್ನ ಗುಡ್ಡೆ ಚೂರನ್ನೇ ನಿಂಗೆ ಕೊಟ್ಟಿದ್ರೆ ಆಗೋಗ್ತಿತ್ತಲ್ಲೋ ಜವರಪ್ಪ," ಎಂದರು. 

"ನಿಮ್ ಮಕ್ಳು ಆಸೆ ಪಡ್ತಿದ್ವಲ್ಲ ಸಾ. ಬುಡಿ," ಎಂದ ಜವರಪ್ಪ. ಮುರಿದ ಕೈ ಸೊಟ್ಟಗೆ ಕೂಡಿಕೊಂಡಿತ್ತು. ಮತ್ತೆ ಮಚ್ಚು ಹಿಡಿಯಲು ಬರುವಂತಿರಲಿಲ್ಲ. ನನ್ನ ಮೇಲೆ ಕೂತು ಬಿಸಿಲು ಕಾಯಿಸುವುದೇ ಅವನ ಕೆಲಸವಾಯಿತು. ಪಕ್ಕದಲ್ಲಿ ಅವನ ಮೊಮ್ಮಗಳು ದೇವೀರಿ. ಹೌದು, ಮಗು ಉಳಿಯಿತು. ಕಿವಿಯೂ ಸೋರಲಿಲ್ಲ.

ಮೊನ್ನೆ ಹೊಸತೊಡಕಿನ ದಿನ ಕೆಂಚೇಗೌಡ ಆ ದಾರಿಯಲ್ಲಿ ಬಂದ. ನಮ್ಮ ಮುಂದೆ ನಿಂತ. ನೋಡಿ ಮುಗುಳ್ನಕ್ಕ. ಜೇಬಿನಿಂದ ಕಡಲೆಮಿಠಾಯಿ ತೆಗೆದು, ಉಳಿದ ಮೂರು ಬೆರಳಲ್ಲಿ ಹಿಡಿದು ಮಗುವಿನತ್ತ ಚಾಚಿದ. "ಬೇಕೇನೇ ಮರೀ? ತಕ್ಕೋ." ಮಗು ಕೈಯೆತ್ತಿತು. ಗೌಡ ಸರ್ರನೆ ಹಿಂದಕ್ಕೆಳೆದುಕೊಂಡ.

ನೋಡಿ, ಎರಡು ಬೆರಳು ಹೋದರೂ ಆ ರುಚಿ ಹೋಗಿರಲಿಲ್ಲ!

ಜವರಪ್ಪನ ಸೊಟ್ಟ ಕೈ ನನ್ನ ಅಂಚನ್ನು ಬಿಗಿಯಾಗಿ ಹಿಡಿಯಿತು.  ಬಾಗಿಲಲ್ಲಿ ಚಿಕ್ಕತಾಯಿ ಕಲ್ಲಾಗಿ ನಿಂತಿದ್ದಳು. ಒಳಗೆ ಈಳಿಗೆಮಣೆ ಇತ್ತು, ಕೊಡಲಿ ಇತ್ತು. ಇನ್ನೊಂದು ಸಲ ಎಳೆದುಕೊಂಡರೆ ಈ ಮುದುಕ ಮತ್ತೆ ಜೈಲು ಸೇರುತ್ತಾನೆ ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

ಗೌಡ ಮತ್ತೆ ಚಾಚಿದ. "ತಕ್ಕೋ ತಕ್ಕೋ."

ಮಗು ಮಿಠಾಯಿ ನೋಡಿತು. ತಾತನ ಕೈ ನೋಡಿತು. ಎತ್ತಿದ ಕೈಯನ್ನು ತೊಡೆಯಡಿ ಇಟ್ಟುಕೊಂಡಿತು.

"ನಂಗ್ ಬ್ಯಾಡ. ನೀವೇ ತಿನ್ನಿ," ಎಂದಿತು.

ಗೌಡ ಹಾಗೇ ಚಾಚಿಕೊಂಡು ನಿಂತ. ಇನ್ನಷ್ಟು ಹತ್ತಿರ ಹಿಡಿದ. ಮಗು ಆಗಲೇ ನನ್ನ ಸೀಳಿನಲ್ಲಿ ಹೋಗುತ್ತಿದ್ದ ಇರುವೆ ಸಾಲು ನೋಡುತ್ತಿತ್ತು. ಎಷ್ಟು ಹೊತ್ತು ಬೇಕೆನ್ನದವರ ಮುಂದೆ ಕೈ ಚಾಚಿ ನಿಲ್ಲುವುದು? ಅವನ ಮುಖ ಸಪ್ಪಗಾಯಿತು. ಮಿಠಾಯಿಯನ್ನು ಏನು ಮಾಡುವುದೆಂದು ತಿಳಿಯದೆ ಅತ್ತಿತ್ತ ನೋಡಿದ. ನಾಯಿ ಸತ್ತು ಎರಡು ವರ್ಷವಾಗಿತ್ತು. ಕೊನೆಗೆ ಜೇಬಿಗೇ ಹಾಕಿಕೊಂಡು ಹೊರಟುಹೋದ.

ಜವರಪ್ಪನ ಹಿಡಿತ ಸಡಿಲಾಯಿತು. ಮಗುವಿನ ತಲೆ ಸವರಿ, "ನಿಜವಾಗ್ಲೂ ಬ್ಯಾಡ್ವಾಗಿತ್ತಾ ಮಗಾ?" ಎಂದು ಕೇಳಿದ.

"ಬೇಕಾಗಿತ್ತು ತಾತ," ಎಂದಿತು ಮಗು.