ತುಂಗಾಬಾಯಿಯ ಭೈರವಿ

ಪ್ರಲ್ಹಾದರಾಯರಿಗೆ ಹಾಡಲು ಬರುತ್ತಿರಲಿಲ್ಲ. ಧಾರವಾಡದಿಂದ ಬಂದು ಪುಣೆಯ ಕೋಥ್ರೂಡಿನಲ್ಲಿ ಮನೆ ಮಾಡಿದವರಿಗೆ ಇದು ಸಣ್ಣ ಕೊರತೆಯಲ್ಲ. ಊರಿನ ಹೆಸರು ಹೇಳಿದ ಕೂಡಲೇ ಮರಾಠಿ ನೆರೆಯವರು ತಂಬೂರಿ ಎಲ್ಲಿಟ್ಟಿದ್ದಾರೆಂದು ಸುತ್ತ ಕಣ್ಣಾಡಿಸುತ್ತಾರೆ. ಹಾಗಾಗಿ ರಾಯರು ಕಂಠದ ಬದಲು ಕಿವಿ ಬೆಳೆಸಿಕೊಂಡಿದ್ದರು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ಅವರಲ್ಲಿ ಉಳಿದ ಅಧಿಕಾರ ಅದೊಂದೇ. ಭಾನುವಾರದ ಬೈಠಕಿನಲ್ಲಿ ಹಳೆಯ ಧ್ವನಿಮುದ್ರಿಕೆ ಹಾಕಿದರೆ, ಕೊನೆಗೆ ಎಲ್ಲರೂ ಅವರ ಮುಖ ನೋಡುತ್ತಿದ್ದರು. ಅವರು ತಲೆದೂಗಿದರೆ ಅದು ಸಂಗೀತ. ಇಲ್ಲವಾದರೆ ಚಹಾ.

ಮಗ ಪ್ರಣವನ ಹವ್ಯಾಸ ಬೇರೆ. ಮೊಬೈಲಿನಲ್ಲಿ ಹೆಸರು ಮಾಡಿದವರ ಹಾಡುಗಳನ್ನು ಎಐ ಆ್ಯಪಿಗೆ ಹಾಕಿ ಅವುಗಳ ವೇಷ ಬದಲಿಸುವುದು. ಆ ತಿಂಗಳು ಎಲ್ಲರ ಬಾಯಲ್ಲಿದ್ದದ್ದು ಅಂಬಾದಾಸನ ಹಾಡು. ಅಂಬಾದಾಸ ದೌಂಡ ಸ್ಟೇಷನ್ನಿನಲ್ಲಿ ಚಹಾ ಮಾರುವವನು. ನಿಲ್ಲದೆ ಹೋದ ರೈಲಿನ ಬೆನ್ನ ಹಿಂದೆ ಕಿಟಲಿ ಕುಟ್ಟುತ್ತ, ‘ಗಾಡಿ ಬಂತು, ಗಾಡಿ ನಿಲ್ಲಲಿಲ್ಲ, ನನ್ನ ಚಹಾ ಆರಿಹೋಯಿತು’ ಎಂದು ಮರಾಠಿಯಲ್ಲಿ ಅವನು ಹಾಡಿದ್ದನ್ನು ಯಾರೋ ವಿಡಿಯೋ ಮಾಡಿ ಹರಿಬಿಟ್ಟಿದ್ದರು. ಮದುವೆಯ ಬ್ಯಾಂಡಿನವರೂ ಅದನ್ನೇ ಬಾರಿಸುತ್ತಿದ್ದರು. ಅದು ಕೇಳಿಸಿದರೆ ರಾಯರು ಕಿಟಕಿ ಮುಚ್ಚುತ್ತಿದ್ದರು.

ಪ್ರಣವ ಆ ಧಾಟಿಯನ್ನು ನಿಧಾನದ ವಿಲಂಬಿತ ಲಯಕ್ಕೆ ಇಳಿಸಿದ. ರೈಲಿನ ಜಾಗದಲ್ಲಿ ‘ಪಿಯಾ’ ಎಂದು ನಲ್ಲನನ್ನು ಕೂರಿಸಿ, ಮಾತುಗಳನ್ನು ಹಳೆಯ ಹಿಂದಿ ಮಾಡಿಸಿದ. ಮುದುಕಿಯ ದನಿ, ಸಾರಂಗಿ, ಸವೆದ ಗ್ರಾಮಫೋನ್ ತಟ್ಟೆಯ ಗರಗರ ಎಲ್ಲವನ್ನೂ ಆ್ಯಪ್ ಕೇಳಿದ ಕೂಡಲೇ ಕೊಟ್ಟಿತು. ಮಿರಜಿನ ಗೆಳೆಯನ ಅಜ್ಜನ ಟ್ರಂಕಿನಲ್ಲಿ ಸಿಕ್ಕಿತೆಂದು ಹೇಳಿ ಅಪ್ಪನಿಗೆ ಕೇಳಿಸಿದ.

ರಾಯರು ಕಣ್ಣು ಮುಚ್ಚಿದರು. ಮುಗಿಯುವ ತನಕ ತೆರೆಯಲಿಲ್ಲ.

‘ಯಾರಿವರು?’

‘ಹುಲಕೋಟಿ ತುಂಗಾಬಾಯಿ ಅಂತ’ ಎಂದ ಪ್ರಣವ, ಬಾಯಿಗೆ ಬಂದದ್ದನ್ನು.

ರಾಯರ ಕೈ ಕಿವಿಯ ಹಾಲೆ ಮುಟ್ಟಿತು. ದೊಡ್ಡವರ ಹೆಸರು ಬಂದಾಗ ಸಂಗೀತದ ಮಂದಿಯಲ್ಲಿ ಕೈ ತಾನಾಗಿ ಮಾಡುವ ನಮಸ್ಕಾರ ಅದು. ಈಗ ನಕ್ಕು ನಿಜ ಹೇಳಬೇಕು ಎಂದು ಪ್ರಣವ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಫೋನು ಹಚ್ಚಿಯಾಗಿತ್ತು: ‘ಬಾಳಕೃಷ್ಣರಾವ್, ಐತವಾರ ಬರ್ರಿ. ಕೇಳೂವಂಥಾ ಒಂದು ಚೀಜ ಅದ.’

ಭಾನುವಾರ ದಿವಾಣಖಾನೆ ತುಂಬಿತು. ಹಾಡು ಮುಗಿದಾಗ ರಾಯರು ತಲೆದೂಗಿದರು. ಬೆಳಗಾವಿ ಮೂಲದ ಬಾಳಕೃಷ್ಣರಾಯರು ಮೊದಲು ಗಂಟಲು ಸರಿಮಾಡಿಕೊಂಡರು. ಪ್ರಲ್ಹಾದರಾಯರ ಕಿವಿಯ ಮೇಲೆ ಹಳೆಯ ಹಗೆ ಅವರಿಗೆ.

‘ಇಂಥಾಕಿ ಹೆಸರು ನಾವು ಯಾಕ ಕೇಳಿಲ್ಲ?’

‘ನೀವು ಕೇಳಿಲ್ಲಂತ ಅನ್ರಿ. ನಾ ಕೇಳೀನಿ.’

ಪ್ರಣವ ಕೈಯಲ್ಲಿದ್ದ ಚಹಾದ ಬಶಿ ಕೆಳಗಿಟ್ಟು ಅಪ್ಪನತ್ತ ನೋಡಿದ.

‘ಎಲ್ಲಿ?’ ಎಂದರು ಬಾಳಕೃಷ್ಣರಾಯರು.

‘ಧಾರವಾಡದಾಗ, ಮಾಳಮಡ್ಡಿಯೊಳಗ, ಒಂದು ಮುಂಜಿವಿ ಮನ್ಯಾಗ. ಅಪ್ಪನ ತೊಡಿ ಮ್ಯಾಲೆ ಕೂತಿದ್ದೆ. ಇದನ್ನ ಹಾಡಿದ್ಲು. ಮೂಗಿನ್ಯಾಗ ಮುತ್ತಿನ ನತ್ತು.’

ಬಾಳಕೃಷ್ಣರಾಯರು ಸ್ವಲ್ಪ ಹೊತ್ತು ಫ್ಯಾನು ನೋಡಿದರು. ‘ಹಾಂ, ನತ್ತು! ಈಗ ನೆನಪಾತು ನೋಡ್ರಿ. ಬೆಳಗಾವಿಗೂ ಬಂದಿದ್ಲು. ಆದ್ರ ಅವತ್ತು ಆಕಿ ದನಿ ಕೂತಿತ್ತು.’

‘ಕೂಡೂದಿಲ್ಲ ಅಂಥಾ ದನಿ.’

‘ನೆಗಡಿ ಆಗಿತ್ತರಿ! ನೆಗಡಿ ಯಾರನ್ನರ ಬಿಡ್ತದ ಏನು?’

ಆಮೇಲೆ ತಡೆಯಿರಲಿಲ್ಲ. ಒಬ್ಬರ ಸೋದರತ್ತೆ ಆಕೆಯ ಹತ್ತಿರ ಕಲಿತಿದ್ದಳು. ಇನ್ನೊಬ್ಬರಿಗೆ ಆಕೆಯ ಇಳಕಲ್ಲ ಸೀರೆಯ ಬಣ್ಣವೇ ಕಣ್ಣಿಗೆ ಕಟ್ಟಿತ್ತು. ಹುಟ್ಟಿ ವಾರವೂ ಆಗದ ತುಂಗಾಬಾಯಿಗೆ ಊರೂರಲ್ಲಿ ನೆಂಟರಾದರು. ಹೆಸರು ಬಂದಾಗಲೆಲ್ಲ ಕೋಣೆಯ ಕೈಗಳೆಲ್ಲ ಕಿವಿಗೆ ಹೋಗಿ ಬರುತ್ತಿದ್ದವು. ಪ್ರಣವ ಮಾತ್ರ ಕಾಲ ಬೆರಳನ್ನು ನೋಡುತ್ತ ಕೂತಿದ್ದ. ಅಪ್ಪ ಸುಳ್ಳು ಹೇಳುವುದನ್ನು ಅವನು ಈ ತನಕ ಕೇಳಿರಲಿಲ್ಲ. ಸುಳ್ಳು ಇಷ್ಟು ಸಲೀಸಾಗಿ, ನತ್ತಿನ ಸಮೇತ ಬರುತ್ತದೆಂದೂ ಗೊತ್ತಿರಲಿಲ್ಲ. ಅದನ್ನು ಹೇಳಿಸಿದವನು ತಾನು.

ಅಡಿಗೆಮನೆಯಲ್ಲಿ ಅವನ ಹೆಂಡತಿ ಅನುಜಾ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು.

‘ಯಂತ್ರಕ್ಕಂತೂ ನಾಚಿಕಿಲ್ಲ. ನಿನಗರ ಬ್ಯಾಡೇನು? ಹೋಗಿ ಹೇಳು.’

‘ಈಗ ಹೇಳಿದ್ರ ಅಪ್ಪ ನಾಳಿಂದ ಯಾರ ಮುಂದನೂ ಕೂಡೂ ಹಂಗಿಲ್ಲ.’

‘ಹೇಳದಿದ್ರ?’

ಅವನು ಅವಲಕ್ಕಿಯ ತಟ್ಟೆ ಎತ್ತಿಕೊಂಡು ಹೊರಗೆ ಹೋದ.

ಮರುದಿನ ಸಂಜೆ, ಅನುಜಾ ಇಲ್ಲದ ಹೊತ್ತು ನೋಡಿ, ಅವನು ಅಪ್ಪನ ಎದುರು ಕೂತು ಅಂಬಾದಾಸನ ವಿಡಿಯೋ ಹಚ್ಚಿದ. ರೈಲು ಹೋಯಿತು. ಕಿಟಲಿ ಟಣಟಣಿಸಿತು. ರಾಯರು ಈ ಸಲ ಕಿಟಕಿ ಮುಚ್ಚಲಿಲ್ಲ. ಮೊದಲನೆಯ ಸಾಲಿಗೇ ಅವರ ಮುಖದ ಬಣ್ಣ ಇಳಿದದ್ದನ್ನು ಪ್ರಣವ ನೋಡಿದ. ಧಾಟಿಯ ಗುರುತು ಹಿಡಿದ ಕಿವಿಯಂತೂ ನಿಜವಾದದ್ದೇ ಆಗಿತ್ತು.

‘ಅಪ್ಪಾ, ತಪ್ಪಾತು. ಚ್ಯಾಷ್ಟಿ ಮಾಡ್ಲಿಕ್ಕೆ ಹೋಗಿದ್ದೆ. ತುಂಗಾಬಾಯಿ ಅಂತ ಯಾರೂ ಇಲ್ಲ.’

ರಾಯರು ಬಹಳ ಹೊತ್ತು ಧೋತರದ ಅಂಚು ಸರಿಮಾಡುತ್ತಿದ್ದರು. ಬೈಯಲಿ ಎಂದು ಪ್ರಣವ ಕಾಯುತ್ತಿದ್ದ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

‘ಆ ಚಹಾದ ಹುಡುಗನ ಲಯ ಛಲೋ ಅದ’ ಎಂದರು ಕೊನೆಗೆ.

‘ಹಂಗಾದ್ರ ಅದನ್ನೇ ಹೇಳೂಣಲ್ಲ. ಧಾಟಿ ಅವಂದು, ದೌಂಡದ ಅಂಬಾದಾಸಂದು ಅಂತ.’

‘ಚಹಾ ಮಾರಾವನ ಹೆಸರು ಹೇಳಿದ್ರ ಯಾರು ಕೂತು ಕೇಳ್ತಾರೋ?’ ಎಂದರು. ಹೇಳಿದ ಮಾತು ತಮಗೇ ಕೇಳಿಸಿತೇನೋ, ತಲೆ ತಗ್ಗಿಸಿದರು. ಆಮೇಲೆ ನೆಲಕ್ಕೆ ಹೇಳುವಂತೆ ಹೇಳಿದರು: ‘ಬರೂ ಐತವಾರ ಬಾಳಕೃಷ್ಣನ ಮನ್ಯಾಗ ಬೈಠಕ. ತುಂಗಾಬಾಯಿದು ಭೈರವಿ ಅದ ಏನ್ರಿ ಅಂತ ಮುಂಜಾನೆ ಫೋನ್ ಮಾಡಿದ್ದ.’

‘ನೀವೇನಂದ್ರಿ?’

‘ಅದ ಅಂದೆ.’

ಪ್ರಣವ ಅಪ್ಪನ ಮುಖ ನೋಡಲಿಲ್ಲ. ಅಪ್ಪ ಮಗನ ಮುಖ ನೋಡಲಿಲ್ಲ. ಕೆಳಗೆ ರಸ್ತೆಯಲ್ಲಿ ರಿಕ್ಷಾದವನ ಫೋನು ‘ಗಾಡಿ ಬಂತು’ ಎಂದು ಕೂಗಿತು. ರಾಯರು ಎದ್ದು ಕಿಟಕಿ ಮುಚ್ಚಿ, ಬಂದು ಮಗನ ಕುರ್ಚಿಯ ಹಿಂದೆ ನಿಂತರು.

ಪ್ರಣವ ಆ್ಯಪ್ ತೆರೆದು ಬರೆಯತೊಡಗಿದ: ಭೈರವಿ, ಮುದುಕಿಯ ದನಿ, ಹಳೆಯ ತಟ್ಟೆ.

‘ಸುರ ಭಾಳ ಸ್ವಚ್ಛ ಬ್ಯಾಡ’ ಎಂದರು ರಾಯರು, ಮೆಲ್ಲಗೆ. ‘ಕಡೀ ದಿವಸದಾಗ ಆಕಿಗೆ ದಮ್ಮ ಸಾಲ್ತಿದ್ದಿಲ್ಲ.’

ಪ್ರಣವ ಅದನ್ನೂ ಬರೆದ. ಕೆಳಗೆ ಗಾಯಕಿಯ ಹೆಸರು ಕೇಳುವ ಜಾಗವಿತ್ತು. ಹುಲಕೋಟಿ ತುಂಗಾಬಾಯಿ ಎಂದು ತುಂಬಿ ಒತ್ತುವ ಮೊದಲು, ಅವನ ಕೈ ಅವನನ್ನು ಕೇಳದೆ ಕಿವಿಗೆ ಹೋಯಿತು. ಹಿಂದೆ ಅಪ್ಪನ ಕೈ ಮಾತ್ರ ಇನ್ನೂ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿತ್ತು.